ಮಗನಿಗೆ ಮೈಕ್ ಕೊಡಿಸಿದ ಅಪ್ಪ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಆಸ್ಟನ್ ಬಡಾವಣೆಯ ಪುಟ್ಟ ಮನೆಯೊಂದರಲ್ಲಿ ಅಪ್ಪನಿಗೆ ರಾತ್ರಿ ಪಾಳಿ, ಅಮ್ಮನಿಗೆ ಹಗಲು ಪಾಳಿ, ಆರು ಮಕ್ಕಳು. ನಾಲ್ಕನೆಯವನೇ 1948ರ ಡಿಸೆಂಬರ್ 3ರಂದು ಹುಟ್ಟಿದ ಜಾನ್ ಮೈಕೆಲ್ ಆಸ್ಬೋರ್ನ್. ಶಾಲೆಯಲ್ಲಿ ಅಂಟಿಕೊಂಡ ಅಡ್ಡಹೆಸರು ಆಝಿ. ಮುಂದೆ ಜಗತ್ತು ಕೂಗಿದ್ದೂ ಅದೇ ಹೆಸರನ್ನು.

ಆಝಿಗೆ ಅಕ್ಷರ ಒಲಿಯಲಿಲ್ಲ. ಅದು ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಡಕು ಎಂದು ಆಗ ಯಾರೂ ಗುರುತಿಸಲಿಲ್ಲ. ಎಲ್ಲರ ಕಣ್ಣಿಗೂ ಆತ ದಡ್ಡ. ಹದಿನೈದಕ್ಕೇ ಶಾಲೆ ಬಿಟ್ಟ. ಕೊಳಾಯಿ ಕೆಲಸ, ಕಾರಿನ ಹಾರ್ನ್ ಸರಿಪಡಿಸುವ ಕೆಲಸ, ಕಸಾಯಿಖಾನೆ ಎಂದು ಅಲೆದ. ಯಾವುದೂ ಕೈ ಹತ್ತಲಿಲ್ಲ. ಕಳ್ಳತನಕ್ಕೆ ಇಳಿದು ಸಿಕ್ಕಿಬಿದ್ದ. ದಂಡ ಕಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು. ಮಗ ಬುದ್ಧಿ ಕಲಿಯಲೆಂದು ಅಪ್ಪ ಕಟ್ಟಲಿಲ್ಲ. ವಿನ್ಸನ್ ಗ್ರೀನ್ ಜೈಲಿನಲ್ಲಿ ಆತ ಕೆಲವು ವಾರ ಕಳೆಯಬೇಕಾಯಿತು.

ಅದೇ ಅಪ್ಪ, ಮಗ ಹಾಡುಗಾರನಾಗುತ್ತೇನೆ ಎಂದಾಗ ಕಂತಿನ ಸಾಲ ಮಾಡಿ ಮೈಕ್, ಸ್ಪೀಕರ್ ಕೊಡಿಸಿದ. ಸ್ವಂತ ಧ್ವನಿವರ್ಧಕವಿರುವ ಗಾಯಕ ಎಂದು ಆಝಿ ವಾದ್ಯದಂಗಡಿಯಲ್ಲಿ ಚೀಟಿ ಅಂಟಿಸಿದ. ಅದರಿಂದಲೇ ಆತನಿಗೆ ಜೊತೆಗಾರರು ಸಿಕ್ಕರು. ಅವರಲ್ಲಿ ಅದೇ ಶಾಲೆಯಲ್ಲಿ ಓದಿದ ಟೋನಿ ಅಯೋಮಿಯೂ ಒಬ್ಬ. ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕೊಟ್ಟಿದ್ದ ಅಯೋಮಿ, ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿಕೊಂಡು ಗಿಟಾರ್ ನುಡಿಸುತ್ತಿದ್ದ. ಆ ಗಿಟಾರಿನ ಭಾರವಾದ ನಾದಕ್ಕೆ ಆಝಿಯ ಆರ್ತ ಕಂಠ ಬೆರೆಯಿತು. 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಹೊರಬಂತು. ಹೆವಿ ಮೆಟಲ್ ಸಂಗೀತದ ಹುಟ್ಟು ಅಲ್ಲಿಂದ ಎನ್ನುವವರೇ ಹೆಚ್ಚು.

ಹಣ, ಹೆಸರು ಬಂದವು. ಹಿಂದೆಯೇ ಕುಡಿತ, ಮಾದಕವಸ್ತುಗಳೂ ಬಂದವು. 1979ರಲ್ಲಿ ತಂಡ ಆತನನ್ನು ಹೊರಹಾಕಿತು. ಮೊದಲ ಮದುವೆ ಮುರಿಯಿತು. ಮತ್ತೆ ಎತ್ತಿ ನಿಲ್ಲಿಸಿದ್ದು ವ್ಯವಸ್ಥಾಪಕಿ ಶರಾನ್. 1982ರಲ್ಲಿ ಆಕೆಯೇ ಮಡದಿಯಾದಳು. ಅದೇ ವರ್ಷ ವೇದಿಕೆಗೆ ಯಾರೋ ಎಸೆದ ಬಾವಲಿಯನ್ನು ರಬ್ಬರಿನದೆಂದು ತಿಳಿದು ಕಚ್ಚಿದ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಜನ ಬೆರಗಾದರು, ನಕ್ಕರು. ಮನೆಯೊಳಗೆ ನಗುವಂಥದ್ದೇನೂ ಇರಲಿಲ್ಲ. 1989ರಲ್ಲಿ ಅಮಲಿನಲ್ಲಿ ಹೆಂಡತಿಯ ಕುತ್ತಿಗೆ ಹಿಸುಕಿ ಆತ ಬಂಧನಕ್ಕೊಳಗಾದ. ಆಕೆ ಮೊಕದ್ದಮೆ ಮುಂದುವರಿಸಲಿಲ್ಲ. ಆತ ಚಿಕಿತ್ಸೆಗೆ ಸೇರಿದ. ಚಟ ಒಮ್ಮೆಗೇ ಬಿಡುವಂಥದ್ದಲ್ಲ. ಬಿಟ್ಟು, ಬಿದ್ದು, ಮತ್ತೆ ಏಳುವುದರಲ್ಲೇ ವರ್ಷಗಳು ಕಳೆದವು.

2002ರಿಂದ 2005ರವರೆಗೆ ಈ ಸಂಸಾರ ಟಿವಿ ಧಾರಾವಾಹಿಯಾಗಿ ಮನೆಮಾತಾಯಿತು. ಹಿರಿಮಗಳು ಏಮಿ ಕ್ಯಾಮೆರಾದ ಮುಂದೆ ಬರಲು ಒಪ್ಪಲಿಲ್ಲ. ಬಂದ ಜಾಕ್, ಕೆಲ್ಲಿ ಇಬ್ಬರೂ ಹರೆಯದಲ್ಲೇ ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕಾಯಿತು. ಅಪ್ಪನ ಕೀರ್ತಿಯ ಜೊತೆಗೆ ಅಪ್ಪನ ಕಷ್ಟವೂ ಅವರ ಪಾಲಿಗೆ ಬಂದಿತ್ತು.

2020ರಲ್ಲಿ ಆಝಿ ತನಗೆ ಪಾರ್ಕಿನ್‌ಸನ್ ಕಾಯಿಲೆ ಇರುವುದನ್ನು ಬಹಿರಂಗಪಡಿಸಿದ. 2025ರ ಜುಲೈ 5ರಂದು ಆಸ್ಟನ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಹುಟ್ಟೂರಿನ ಜನರೆದುರು, ಸಿಂಹಾಸನದಲ್ಲಿ ಕುಳಿತೇ ಕೊನೆಯ ಸಲ ಹಾಡಿದ. ಹದಿನೇಳು ದಿನಗಳ ನಂತರ, ಜುಲೈ 22ರಂದು, 76ರ ವಯಸ್ಸಿನಲ್ಲಿ ತೀರಿಕೊಂಡ.

ಶಾಲೆ ಗುರುತಿಸದ್ದನ್ನು ರಾತ್ರಿ ಪಾಳಿಯ ಕಾರ್ಮಿಕನೊಬ್ಬ ಗುರುತಿಸಿದ್ದ. ದಂಡಕ್ಕೆ ಕೈಯಿಂದ ಕಾಸು ಬಿಚ್ಚದ ಅಪ್ಪ ಮೈಕಿಗೆ ಸಾಲ ಮಾಡಿದ. ಎರಡೂ ಮಗನ ಮೇಲಿನ ಮಮತೆಯಿಂದಲೇ.