ಹುಸಿ ನಂಬರಿನ ಕರೆಗಳೂ ಬಿಗಿಯಾದ ಶಿಕ್ಷೆಗಳೂ

ಟೆಲಿಫೋನಿಗೆ ಕರೆ ಬಂದಾಗ ಕಾಣಿಸುವ ನಂಬರು ಕರೆದವನದೇ ಎಂದು ರೈತರು ಸಾಮಾನ್ಯವಾಗಿ ನಂಬುವರು. ಆದರೆ ಆ ನಂಬರು ಲಕೋಟೆಯ ಮೂಲೆಯಲ್ಲಿ ಬರೆದ ಕಳುಹಿಸಿದವರ ವಿಳಾಸವಿದ್ದಂತೆ. ಬರೆದವನು ಏನು ಬರೆದಿದ್ದರೂ ಅಂಚೆಯವರು ಹಾಗೆಯೇ ತಂದು ಕೊಡುವರು. ಕರೆ ಹೊರಡುವ ಕಡೆಯ ಕಂಪೆನಿಯು ತಿಳಿಸಿದ ನಂಬರನ್ನು ತಲಪುವ ಕಡೆಯ ಕಂಪೆನಿಯು ನಂಬಿ ತೋರಿಸುವುದೇ ಈ ಏರ್ಪಾಡಿನ ಮೂಲಕ್ರಮವಾಗಿತ್ತು. ಇಂಟರ್‌ನೆಟ್ ಮೂಲಕ ಕರೆಮಾಡುವ ಅನುಕೂಲವಾದ ಮೇಲೆ, ಪರದೇಶದಲ್ಲಿ ಕುಳಿತವನು ಭಾರತದ ನಂಬರನ್ನು ತೋರಿಸುವುದೂ, ಯಂತ್ರದಿಂದ ಸಾವಿರಾರು ಮಂದಿಗೆ ಮುದ್ರಿತ ಧ್ವನಿಯನ್ನು ಕೇಳಿಸುವುದೂ ಅಲ್ಪ ವೆಚ್ಚದ ಕೆಲಸವಾಗಿದೆ.

ಒಕ್ಕಲಿಗರಿಗೆ ಇದರಿಂದ ಒದಗುವ ಹಾನಿಯು ಸಣ್ಣದಲ್ಲ. ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿಗಳು ಮೂರು ಕಂತುಗಳಲ್ಲಿ ಸಲ್ಲುವುದು ಎಲ್ಲರಿಗೂ ತಿಳಿದ ವಿಷಯ, ವಂಚಕರಿಗೂ ತಿಳಿದಿದೆ. ಕಂತು ತಡೆದಿದೆ, ಆಧಾರ್ ಸರಿಪಡಿಸಬೇಕು, ಈಗ ಬಂದ ಓಟಿಪಿಯನ್ನು ಹೇಳಿ ಎಂದು ಕಚೇರಿಯ ಧಾಟಿಯಲ್ಲಿ ಕೇಳಿದರೆ, 2,000 ರೂಪಾಯಿಯ ಕಂತನ್ನು ಉಳಿಸಿಕೊಳ್ಳಹೋಗಿ ಬಿತ್ತನೆಗೆಂದು ಬ್ಯಾಂಕಿನಲ್ಲಿಟ್ಟ ಹಣವೆಲ್ಲವೂ ಹೋಗುವ ಸಂಭವವುಂಟು.

2023ನೆಯ ಇಸವಿಯ ಟೆಲಿಕಮ್ಯುನಿಕೇಷನ್ಸ್ ಕಾಯಿದೆಯಲ್ಲಿ ಇದಕ್ಕೆ ಕಠಿನವಾದ ಶಿಕ್ಷೆಯು ಏರ್ಪಟ್ಟಿದೆ. 2024ನೆಯ ಜೂನ್ 26ರಿಂದ ಜಾರಿಗೆ ಬಂದಿರುವ ಅದರ 42ನೆಯ ಕಲಮಿನ ಪ್ರಕಾರ, ಟೆಲಿಫೋನ್ ಗುರುತಿನ ಸಂಖ್ಯೆಗಳನ್ನು ಅನಧಿಕೃತವಾಗಿ ತಿದ್ದುವವರಿಗೂ, ಮೋಸದಿಂದ ಅಥವಾ ಪರರ ಹೆಸರಿನಿಂದ ಸಿಮ್ ಪಡೆಯುವವರಿಗೂ ಮೂರು ವರ್ಷಗಳವರೆಗೆ ಸಜಾ, ಇಲ್ಲವೆ 50 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದು. ಸ್ನೇಹಕ್ಕೋ ಸ್ವಲ್ಪ ಹಣಕ್ಕೋ ತನ್ನ ಹೆಸರಿನ ಸಿಮ್ಮನ್ನು ಅನ್ಯರಿಗೆ ಕೊಟ್ಟ ರೈತನ ಬಾಗಿಲಿಗೇ ವಿಚಾರಣೆಯು ಮೊದಲು ಬರುವುದೆಂಬುದನ್ನು ಮರೆಯಕೂಡದು.

ಜುಲ್ಮಾನೆಯನ್ನು ಏರಿಸಿದ ಮಾತ್ರಕ್ಕೆ ಕರೆಗಳು ನಿಲ್ಲುವುವೆ ಎಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನುಭವವನ್ನು ನೋಡಬಹುದು. ಅಲ್ಲಿ 2019ನೆಯ ಡಿಸೆಂಬರ್ 30ರಂದು ಅಧ್ಯಕ್ಷರ ಸಹಿಯಾದ ಟ್ರೇಸ್ಡ್ ಕಾಯಿದೆಯು, ಬುದ್ಧಿಪೂರ್ವಕವಾಗಿ ಮಾಡಿದ ಒಂದೊಂದು ಅಕ್ರಮ ಯಂತ್ರಕರೆಗೂ 10,000 ಡಾಲರುಗಳವರೆಗೆ ಜುಲ್ಮಾನೆಗೆ ಅವಕಾಶವಿತ್ತು, ಮೊದಲು ಎಚ್ಚರಿಕೆ ಕೊಡಬೇಕೆಂಬ ನಿಬಂಧನೆಯನ್ನು ತೆಗೆದುಹಾಕಿತು. 2023ರಲ್ಲಿ, ಐನೂರು ಕೋಟಿಗೂ ಮೀರಿದ ಕರೆಗಳನ್ನು ಮಾಡಿದ ಒಂದು ಕೂಟದ ಮೇಲೆ ಸುಮಾರು 30 ಕೋಟಿ ಡಾಲರುಗಳ ಜುಲ್ಮಾನೆಯು ಬಿದ್ದಿತು. ಆದರೆ ವಿಧಿಸುವುದು ಬೇರೆ, ವಸೂಲಾಗುವುದು ಬೇರೆ. 2015ರಿಂದ 2019ರ ಮೊದಲ ಭಾಗದವರೆಗೆ ಅಲ್ಲಿಯ ಸಂಪರ್ಕ ಆಯೋಗದವರು ವಿಧಿಸಿದ್ದ 20 ಕೋಟಿ 84 ಲಕ್ಷ ಡಾಲರುಗಳಲ್ಲಿ ಕೈಸೇರಿದುದು 6,790 ಡಾಲರು ಮಾತ್ರ! ಕಳ್ಳನು ಸಿಕ್ಕದಿರುವಾಗ ಇಂಥ ಶಿಕ್ಷೆಯು ಬೇಲಿಯಿಲ್ಲದ ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನಂತೆಯೇ ಸರಿ.

ಆ ಬೇಲಿಯನ್ನು ಕಂಪೆನಿಗಳ ಕೈಯಲ್ಲಿ ಹಾಕಿಸುವುದೇ ಹೆಚ್ಚು ಫಲಕಾರಿಯಾದುದು. 2024ನೆಯ ಅಕ್ಟೋಬರ್ 22ರಂದು ಕೇಂದ್ರ ಸರ್ಕಾರದವರು, ಪರದೇಶಗಳಿಂದ ಭಾರತದ ನಂಬರು ಹೊತ್ತು ಬರುವ ಹುಸಿ ಕರೆಗಳನ್ನು ಗಡಿಯಲ್ಲಿಯೇ ತಡೆಯುವ ಏರ್ಪಾಡನ್ನು ಆರಂಭಿಸಿದಾಗ, 24 ಗಂಟೆಗಳಲ್ಲಿ ಸುಮಾರು 1.35 ಕೋಟಿ ಕರೆಗಳು ನಿಂತುವು. 2025ರ ಫೆಬ್ರವರಿಯಲ್ಲಿ ಟ್ರಾಯ್ ಸಂಸ್ಥೆಯವರು, ಇಂಥ ಕಾಟದ ಕರೆಗಳ ಲೆಕ್ಕವನ್ನು ತಪ್ಪಾಗಿ ಒಪ್ಪಿಸುವ ಕಂಪೆನಿಗಳಿಗೆ ಮೊದಲ ಸಲ 2 ಲಕ್ಷ, ಎರಡನೆಯ ಸಲ 5 ಲಕ್ಷ, ಆಮೇಲೆ 10 ಲಕ್ಷ ರೂಪಾಯಿಗಳ ದಂಡವನ್ನು ಗೊತ್ತುಮಾಡಿದರು. ಕೈಗೆ ಸಿಕ್ಕುವವರ ಮೇಲಿನ ಲಕ್ಷವು, ಸಿಕ್ಕದವರ ಮೇಲಿನ ಕೋಟಿಗಿಂತ ಮೇಲು.

ಸಂಶಯದ ಕರೆ ಬಂದಾಗ ಓಟಿಪಿಯನ್ನು ಹೇಳದೆ ಕರೆಯನ್ನು ನಿಲ್ಲಿಸಿ, ಯೋಜನೆಯ ವಿಷಯವನ್ನು ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರಿನಲ್ಲಾಗಲಿ ತಾವೇ ವಿಚಾರಿಸತಕ್ಕದ್ದು. ಹಣ ಹೋಗಿದ್ದರೆ ನಾಚಿಕೆಪಟ್ಟು ಕುಳಿತುಕೊಳ್ಳದೆ ಒಡನೆಯೇ 1930ಕ್ಕೆ ತಿಳಿಸಿದಲ್ಲಿ, ಅದು ವಂಚಕನ ಖಾತೆಯಿಂದ ಮುಂದೆ ದಾಟುವ ಮೊದಲೇ ತಡೆಯಲು ಅವಕಾಶವಿರುವುದು. ಹಣ ಹೋಗದಿದ್ದರೂ ಆ ಕರೆಯನ್ನು ಸಂಚಾರ್ ಸಾಥಿಯ ಚಕ್ಷು ವಿಭಾಗದಲ್ಲಿ ದಾಖಲು ಮಾಡಿಸಬಹುದು. ವ್ಯಾಪಾರದ ಕಾಟದ ಕರೆಗಳ ದೂರನ್ನು ಏಳು ದಿನಗಳೊಳಗಾಗಿ 1909ಕ್ಕೆ ಕೊಡಬೇಕು.