ಮುದ್ರಣಾಲಯಗಳಲ್ಲಿ ತ್ಯಾಜ್ಯ ಇಳಿಕೆ ಮತ್ತು ವೆಚ್ಚ ಉಳಿತಾಯ

ಗ್ರಾಮ ಸಭೆಯ ಕರಪತ್ರ, ತೆರಿಗೆ ಬೇಡಿಕೆ ನೋಟಿಸು, ರಸೀದಿ ಪುಸ್ತಕ, ವಹಿಗಳು ಮೊದಲಾದವುಗಳಿಗೆ ಗ್ರಾಮ ಪಂಚಾಯಿತಿಗಳು ಸಮೀಪದ ಪಟ್ಟಣದ ಸಣ್ಣ ಆಫ್‌ಸೆಟ್ ಮುದ್ರಣಾಲಯಗಳನ್ನು ಅವಲಂಬಿಸಿವೆ. ಇಂತಹ ಕೆಲಸಗಳ ವೆಚ್ಚದಲ್ಲಿ ಕಾಗದದ ಪಾಲು ದೊಡ್ಡದು. ವ್ಯರ್ಥವಾಗುವ ಪ್ರತಿ ಹಾಳೆಯೂ ಪರಿಸರಕ್ಕೆ, ಮಾಲೀಕರಿಗೆ ಹಾಗೂ ಅಂತಿಮವಾಗಿ ಪಂಚಾಯಿತಿ ನಿಧಿಗೆ ಹೊರೆಯೇ. ಈ ಹೊರೆಯನ್ನು ಇಳಿಸಲು ಹೊಸ ಯಂತ್ರ ಬೇಕಿಲ್ಲ. ಮುದ್ರಣಕ್ಕೆ ಆದೇಶ ನೀಡುವ ಹಂತದಲ್ಲಿಯೇ ಉಳಿತಾಯ ಆರಂಭವಾಗುತ್ತದೆ.

ಅಳತೆ: 23×36 ಇಂಚಿನ ಹಾಳೆಯಲ್ಲಿ ಎ4 ಅಳತೆಯ (8.27×11.69 ಇಂಚು) ಕರಪತ್ರಗಳು ಹೇಗೆ ಜೋಡಿಸಿದರೂ 7ಕ್ಕಿಂತ ಹೆಚ್ಚು ಬಾರವು. ಅಳತೆಯನ್ನು 8.25×11.25 ಇಂಚಿಗೆ ಇಳಿಸಿದರೆ, ಅಂಚು ಕತ್ತರಿಸಲು ಜಾಗ ಉಳಿದೂ 8 ಬರುತ್ತವೆ. 1000 ಪ್ರತಿಗಳಿಗೆ 143 ಹಾಳೆಗಳ ಬದಲು 125 ಸಾಕು.

ದಪ್ಪ: 80 ಜಿಎಸ್‌ಎಂ ಕಾಗದದ ಬದಲು 70 ಜಿಎಸ್‌ಎಂ ಬಳಸಿದರೆ ಅಷ್ಟೇ ಹಾಳೆಗಳ ತೂಕ ಶೇ. 12.5ರಷ್ಟು ಇಳಿಯುತ್ತದೆ. ಕರಪತ್ರಗಳಿಗೆ ಇದು ಸಾಕು. ದೀರ್ಘಕಾಲ ಕಾಯ್ದಿಡಬೇಕಾದ ವಹಿಗಳಿಗೆ ಮಾತ್ರ ತೆಳು ಕಾಗದ ಸಲ್ಲದು.

ಕರಡು: ಪ್ಲೇಟ್ ಸಿದ್ಧವಾದ ಬಳಿಕ ತಪ್ಪು ಕಂಡುಬಂದರೆ ಹೊಸ ಪ್ಲೇಟ್ ಬೇಕು, ಮುದ್ರಣವಾದ ಬಳಿಕ ಕಂಡುಬಂದರೆ ಕಾಗದವೂ ವ್ಯರ್ಥ. ಆದುದರಿಂದ ಪಂಚಾಯಿತಿಯ ಜವಾಬ್ದಾರಿಯುತ ಸಿಬ್ಬಂದಿ ಕರಡನ್ನು ಓದಿ ಸಹಿ ಮಾಡಿದ ನಂತರವೇ ಪ್ಲೇಟ್ ತಯಾರಾಗಬೇಕು.

ಯಂತ್ರದ ಶುಚಿ: ರೋಲರ್ ಒರೆಸಲು ಬಳಸುವ ಸೀಮೆಎಣ್ಣೆ, ಪೆಟ್ರೋಲುಗಳ ಆವಿ ಕಾರ್ಮಿಕರ ಉಸಿರಾಟಕ್ಕೆ ಹಾನಿಕರ, ಬೆಂಕಿಯ ಅಪಾಯವೂ ಉಂಟು. ಒಂದೇ ಬಣ್ಣದ ಕೆಲಸಗಳನ್ನು ಒಟ್ಟುಗೂಡಿಸಿ, ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಸಾಗಿದರೆ ತೊಳೆಯುವ ಸಂದರ್ಭಗಳು ಕಡಿಮೆಯಾಗುತ್ತವೆ. ದ್ರಾವಕದ ಡಬ್ಬಿಗೆ ಮುಚ್ಚಳವಿದ್ದರೆ ಅದು ಆವಿಯಾಗಿ ನಷ್ಟವಾಗುವುದು ತಪ್ಪುತ್ತದೆ.

ವಿಲೇವಾರಿ: ಶಾಯಿ ಉಳಿಕೆ, ಬಳಸಿದ ದ್ರಾವಕ ಹಾಗೂ ಅವುಗಳಿಂದ ನೆನೆದ ಬಟ್ಟೆಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನು ಚರಂಡಿಗೆ ಸುರಿಯುವುದು, ಸುಡುವುದು, ಮನೆಕಸದೊಡನೆ ಬೆರೆಸುವುದು ಸಲ್ಲದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೇ ಒಪ್ಪಿಸಬೇಕು. ಅಲ್ಯೂಮಿನಿಯಂ ಪ್ಲೇಟುಗಳನ್ನು ಬೇರ್ಪಡಿಸಿ ಗುಜರಿಗೆ ನೀಡಿದರೆ ಆದಾಯವೂ ಉಂಟು. ಅದಿರಿನಿಂದ ಹೊಸ ಲೋಹ ತಯಾರಿಸಲು ತಗಲುವ ಶಕ್ತಿಯ ಸುಮಾರು ಶೇ. 5ರಷ್ಟೇ ಮರುಬಳಕೆಗೆ ಸಾಕಾಗುತ್ತದೆ.

ಫಲಕಗಳು: ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರವು 2016ರಲ್ಲಿಯೇ ನಿಷೇಧಿಸಿದೆ. ಗ್ರಾಮ ಸಭೆಗೆ ದಿನಾಂಕವಿಲ್ಲದ ಬಟ್ಟೆಯ ಫಲಕವನ್ನು ಒಮ್ಮೆ ಮಾಡಿಸಿದರೆ ಹಲವು ಸಭೆಗಳಿಗೆ ಬಳಸಬಹುದು.

ಕಡಿಮೆ ದರವನ್ನಷ್ಟೇ ನೋಡಿ ಆದೇಶ ನೀಡಿದರೆ, ನಷ್ಟ ತುಂಬಿಕೊಳ್ಳಲು ಮುದ್ರಣಾಲಯವು ಕಾರ್ಮಿಕರ ಸುರಕ್ಷತೆಯಲ್ಲಿಯೋ ತ್ಯಾಜ್ಯ ವಿಲೇವಾರಿಯಲ್ಲಿಯೋ ಕಡಿತ ಮಾಡುವ ಸಂಭವವಿದೆ; ಚರಂಡಿ ಸೇರಿದ ದ್ರಾವಕ ಕೆರೆಬಾವಿಗಳನ್ನು ತಲುಪಬಲ್ಲದು. ಆದ್ದರಿಂದ ದರಪಟ್ಟಿ ಕೋರುವಾಗ ಅಳತೆ, ಜಿಎಸ್‌ಎಂ, ಬೇಕಾಗುವ ಹಾಳೆಗಳ ಸಂಖ್ಯೆ ಹಾಗೂ ತ್ಯಾಜ್ಯ ವಿಲೇವಾರಿಯ ವಿಧಾನವನ್ನು ನಮೂದಿಸುವಂತೆ ತಿಳಿಸುವುದು ಸೂಕ್ತ.