ಉಕ್ಕಿನ ಸೂಕ್ಷ್ಮರಚನೆ ಮತ್ತು ಬಿಂದು ಬೆಸುಗೆಯ ಬಲ

ಇತಿಹಾಸದ ಅಧ್ಯಾಪಕರಾದ ನಾವು ಉಕ್ಕಿನ ಬೆಸುಗೆಯನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಉಕ್ಕಿನ ಗುಣವು ಅದರಲ್ಲಿ ಬೆರೆತಿರುವ ದ್ರವ್ಯಗಳಿಂದ ಮಾತ್ರ ನಿರ್ಧಾರವಾಗತಕ್ಕದ್ದಲ್ಲ. ಅದು ಎಷ್ಟು ಕಾದಿತ್ತು, ಎಷ್ಟು ಬೇಗ ತಣಿಯಿತು ಎಂಬ ಪೂರ್ವವೃತ್ತಾಂತವೂ ಮುಖ್ಯವೇ. ಆ ವೃತ್ತಾಂತವು ಲೋಹದೊಳಗೆ ಸೂಕ್ಷ್ಮರಚನೆಯ ರೂಪದಲ್ಲಿ ಉಳಿದಿರುತ್ತದೆ. ಬೆಸುಗೆಯ ಶಾಖವು ಅದನ್ನು ಕ್ಷಣಮಾತ್ರದಲ್ಲಿ ಮಾರ್ಪಡಿಸುವುದರಿಂದ, ಬಲವಾದ ತಗಡುಗಳನ್ನು ಬೆಸೆದ ಮಾತ್ರಕ್ಕೆ ಅಷ್ಟೇ ಬಲವಾದ ಜೋಡಣೆ ದೊರೆಯುವುದಿಲ್ಲ. ಇದರ ಕಾರಣವನ್ನು ಇಲ್ಲಿ ಪರಿಶೀಲಿಸೋಣ.

ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಿಂದ ಕ್ರಮವಾಗಿ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಅವರು ಮೊದಲಿಗರು. 1863ರ ಸುಮಾರಿಗೆ ಅವರು ಉಕ್ಕನ್ನು ನುಣುಪಾಗಿ ಉಜ್ಜಿ, ಆಮ್ಲ ಸವರಿ, ಅದರ ಹರಳುಗಳ ವಿನ್ಯಾಸವನ್ನು ಕಂಡರು. ಕಾದ ಉಕ್ಕನ್ನು ಥಟ್ಟನೆ ತಣಿಸಿದಾಗ ಉಂಟಾಗುವ ಕಠಿಣ ರಚನೆಗೆ ಫ್ರಾನ್ಸಿನ ಫ್ಲೋರಿಸ್ ಒಸ್ಮಾನ್ ಅವರು 1895ರಲ್ಲಿ, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಅವರ ಗೌರವಾರ್ಥವಾಗಿ, ಮಾರ್ಟೆನ್ಸೈಟ್ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಎಲಿಹು ಥಾಮ್ಸನ್ ಅವರು ವಿದ್ಯುತ್ ಪ್ರವಾಹದಿಂದ ಲೋಹಗಳನ್ನು ಬೆಸೆಯುವ ವಿಧಾನಕ್ಕೆ 1886ರಲ್ಲಿ ಹಕ್ಕುಪತ್ರ ಪಡೆದರು. ಈ ಎರಡು ಶೋಧಗಳ ಧಾರೆಗಳು ಮೋಟಾರು ಕಾರಿನ ಒಡಲಿನಲ್ಲಿ ಸಂಧಿಸಿವೆ.

ಕಾರ್ಖಾನೆಗಳಲ್ಲಿ ಸ್ಪಾಟ್ ವೆಲ್ಡಿಂಗ್ ಎನ್ನುವ ಬಿಂದು ಬೆಸುಗೆಯ ಕ್ರಮವು ಸರಳವಾದುದು. ಒಂದರ ಮೇಲೊಂದು ಇಟ್ಟ ಎರಡು ತಗಡುಗಳನ್ನು ತಾಮ್ರದ ಎರಡು ಕಡ್ಡಿಗಳ ನಡುವೆ ಒತ್ತಿಹಿಡಿದು, ಅರ್ಧ ಸೆಕೆಂಡಿಗೂ ಕಡಿಮೆ ಕಾಲ ಹಲವು ಸಾವಿರ ಆಂಪಿಯರ್ ಪ್ರವಾಹವನ್ನು ಹರಿಸುತ್ತಾರೆ. ತಗಡುಗಳು ಕೂಡುವೆಡೆಯಲ್ಲಿ ಉಕ್ಕು ಕರಗಿ, ಗುಂಡಿಯಾಕಾರದ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅದರ ವ್ಯಾಸ ಸಾಮಾನ್ಯವಾಗಿ 4ರಿಂದ 7 ಮಿಲಿಮೀಟರು. ಒಂದು ಕಾರಿನ ಒಡಲಿನಲ್ಲಿ ಇಂಥ ಬೆಸುಗೆಗಳು ಕೆಲವು ಸಾವಿರ ಇರುತ್ತವೆ.

1973ರ ತೈಲಸಂಕಟದ ತರುವಾಯ ವಾಹನಗಳ ತೂಕವನ್ನು ತಗ್ಗಿಸುವ ಅಗತ್ಯ ಹೆಚ್ಚಿತು. ತೆಳುವಾದರೂ ಬಲವಾದ ತಗಡು ಬೇಕಾಯಿತು. ಮೃದುವಾದ ಫೆರೈಟಿನ ನಡುವೆ ಮಾರ್ಟೆನ್ಸೈಟಿನ ನಡುಗಡ್ಡೆಗಳುಳ್ಳ ದ್ವಿರೂಪದ ಉಕ್ಕು ಬಳಕೆಗೆ ಬಂದಿತು. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಂಪಾದ ಅಚ್ಚಿನಲ್ಲಿ ಒತ್ತುವ ಬೋರಾನ್ ಉಕ್ಕಿನಲ್ಲಾದರೋ ರಚನೆಯೆಲ್ಲವೂ ಮಾರ್ಟೆನ್ಸೈಟೇ. ಅದರ ಬಲ ಸುಮಾರು 1,500 ಮೆಗಾಪಾಸ್ಕಲ್.

ಇಂಥ ತಗಡನ್ನು ಬೆಸೆದಾಗ ಆಗುವುದೇನು? ಕರಗಿದ ಭಾಗದ ಶಾಖವನ್ನು ನೀರಿನಿಂದ ತಂಪಾಗಿಟ್ಟ ತಾಮ್ರದ ಕಡ್ಡಿಗಳು ಅತಿವೇಗವಾಗಿ ಹೀರಿಕೊಳ್ಳುತ್ತವೆ. ಆದ್ದರಿಂದ ಗುಂಡಿಯ ತುಂಬ ಮಾರ್ಟೆನ್ಸೈಟ್ ಹುಟ್ಟುತ್ತದೆ. ಇಂಗಾಲ ಹೆಚ್ಚಿದಷ್ಟೂ ಅದು ಕಠಿಣವಾಗುತ್ತದೆ, ಅದರೊಡನೆ ಭಿದುರವೂ ಆಗುತ್ತದೆ. ಗುಂಡಿಯಿಂದ ತುಸು ದೂರದಲ್ಲಿ ಪರಿಣಾಮವು ಇದಕ್ಕೆ ವಿರುದ್ಧವಾದುದು. ಅಲ್ಲಿನ ಶಾಖವು ಹೊಸ ಮಾರ್ಟೆನ್ಸೈಟನ್ನು ಹುಟ್ಟಿಸಲು ಸಾಲದು, ಆದರೆ ಮೊದಲಿದ್ದ ಮಾರ್ಟೆನ್ಸೈಟನ್ನು ಹದಗೊಳಿಸಿ ಮೆತ್ತಗಾಗಿಸಲು ಸಾಕು. ಹೀಗೆ ಗಡುಸಾದ ಗುಂಡಿಯ ಸುತ್ತ ಮೆದುವಾದ ಉಂಗುರವೊಂದು ಏರ್ಪಡುತ್ತದೆ. ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಮೂರು ಬಗೆಯ ಉಕ್ಕು ನೆಲೆಸಿದಂತಾಯಿತು.

ಇದರ ಫಲವು ಪರೀಕ್ಷೆಯಲ್ಲಿ ಸ್ಪಷ್ಟವಾಗುತ್ತದೆ. ಬೆಸೆದ ತಗಡುಗಳನ್ನು ಎಳೆದಾಗ ಗುಂಡಿಯು ಇಡಿಯಾಗಿ ಒಂದು ತಗಡಿನಿಂದ ಕಿತ್ತುಬಂದರೆ ಬೆಸುಗೆ ಒಳ್ಳೆಯದೆಂದು ಎಣಿಕೆ. ಏಕೆಂದರೆ ಕೀಳುವ ಮೊದಲು ಸುತ್ತಲಿನ ಲೋಹವು ಹಿಗ್ಗಿ ಬಹಳಷ್ಟು ಶಕ್ತಿಯನ್ನು ಹೀರಿರುತ್ತದೆ. ಗುಂಡಿಯೇ ನಡುವೆ ಸೀಳಿದರೆ ಸಾಮಾನ್ಯವಾಗಿ ಅಷ್ಟು ಶಕ್ತಿ ವ್ಯಯವಾಗುವುದಿಲ್ಲ. ತಗಡುಗಳನ್ನು ಅವುಗಳ ಸಮತಲದಲ್ಲೇ ಎಳೆದಾಗ, ಉಕ್ಕಿನ ಬಲ ಹೆಚ್ಚಿದಂತೆ ಬೆಸುಗೆಯ ಬಲವೂ ಬಹುಮಟ್ಟಿಗೆ ಹೆಚ್ಚುವುದು. ಒಂದನ್ನೊಂದರಿಂದ ನೇರವಾಗಿ ಬೇರ್ಪಡಿಸುವಂತೆ ಎಳೆದಾಗ ಹಾಗಲ್ಲ. ತಗಡಿನ ಬಲವು ಸುಮಾರು 800 ಮೆಗಾಪಾಸ್ಕಲ್ ದಾಟಿದ ಮೇಲೆ ಬೆಸುಗೆಯ ಬಲವು ಹೆಚ್ಚದೆ, ಇಳಿಯುವುದೂ ಉಂಟು. ಅಪಘಾತದಲ್ಲಿ ಪ್ರಯಾಣಿಕರ ಸುತ್ತಲಿನ ಕಂಬಗಳು ಬಿಚ್ಚಿಕೊಳ್ಳದಿರುವುದು ಈ ಬಲವನ್ನೇ ಅವಲಂಬಿಸಿದೆ.

ಪರಿಹಾರೋಪಾಯಗಳು ಇಲ್ಲದಿಲ್ಲ. ಉಕ್ಕಿನಲ್ಲಿ ಇಂಗಾಲವನ್ನು ಮಿತಗೊಳಿಸುವುದು, ರಂಜಕ ಮತ್ತು ಗಂಧಕದ ಅಂಶಗಳನ್ನು ತಗ್ಗಿಸುವುದು, ಗುಂಡಿಯ ವ್ಯಾಸವನ್ನು ಹೆಚ್ಚಿಸುವುದು, ಬೆಸುಗೆಯಾದೊಡನೆ ಮತ್ತೊಮ್ಮೆ ಅಲ್ಪಪ್ರವಾಹ ಹರಿಸಿ ಗುಂಡಿಯನ್ನು ಹದಗೊಳಿಸುವುದು ಇವುಗಳಲ್ಲಿ ಮುಖ್ಯವಾದವು. ಕೊನೆಯ ಉಪಾಯದಿಂದ ಪ್ರತಿ ಬೆಸುಗೆಯ ಕಾಲವೂ ಬೆಳೆಯುವುದರಿಂದ, ಸಾವಿರಾರು ಬೆಸುಗೆಗಳನ್ನು ಹಾಕಬೇಕಾದ ಕಾರ್ಖಾನೆಗೆ ಅದು ಹೊರೆಯೇ ಸರಿ. ಆದುದರಿಂದ ತಗಡಿನ ಬಲವನ್ನು ಹೇಳುವ ಅಂಕಿಯೊಂದನ್ನೇ ನೋಡಿ ವಾಹನದ ಭದ್ರತೆಯನ್ನು ಅಳೆಯುವುದು ಯುಕ್ತವಲ್ಲ. ಬೆಸುಗೆಯಾದ ಮೇಲೆ ಆ ಉಕ್ಕಿನ ರಚನೆ ಏನಾಯಿತೆಂಬುದನ್ನೂ ವಿದ್ಯಾರ್ಥಿಗಳು ವಿಚಾರಿಸಬೇಕು.